ದಕ್ಷಿಣ ದ್ವೀಪದಲ್ಲಿ ಇಬ್ಬರ ಕ್ಯಾಂಪರ್‌ವ್ಯಾನ್ ಪ್ರವಾಸ: ದಾರಿಯಲ್ಲಿ ಕೆಲವು ರಾತ್ರಿ, ಗೆಳೆಯರ ಮನೆಯಲ್ಲಿ ಕೆಲವು ರಾತ್ರಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಗಂಡ ಹೆಂಡತಿ ಇಬ್ಬರೇ, ಹಾಸಿಗೆ ಅಡುಗೆಮನೆಗಳನ್ನು ಒಳಗೊಂಡ ಕ್ಯಾಂಪರ್‌ವ್ಯಾನಿನಲ್ಲಿ ಸುತ್ತಿ, ಅದೇ ಪ್ರವಾಸದಲ್ಲಿ ಅಲ್ಲಿ ನೆಲೆಸಿರುವ ಗೆಳೆಯರ ಮನೆಯಲ್ಲೂ ನಾಲ್ಕು ದಿನ ಇದ್ದು ಬರಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ವಿಮಾನ ಇಳಿದ ದಿನವೇ ವ್ಯಾನಿನ ಕೀಲಿಯನ್ನು ಕೈಗೆ ತೆಗೆದುಕೊಳ್ಳಬೇಡಿ ಎಂಬುದು ನನ್ನ ಮೊದಲ ಸಲಹೆ. ದೀರ್ಘ ವಿಮಾನಯಾನದ ನಿದ್ದೆಗೇಡಿನಲ್ಲಿ, ಅಭ್ಯಾಸವಿಲ್ಲದ ಉದ್ದನೆಯ ವಾಹನವನ್ನು ಅಪರಿಚಿತ ರಸ್ತೆಯಲ್ಲಿ ಓಡಿಸುವುದು ನಿಜಕ್ಕೂ ಅಪಾಯ. ವಿಮಾನ ಇಳಿಯುವ ಕ್ರೈಸ್ಟ್‌ಚರ್ಚ್ ನಗರದಲ್ಲಿ ಗೆಳೆಯರಿದ್ದರೆ ಮೊದಲ ಎರಡು ರಾತ್ರಿ ಅವರ ಮನೆಯಲ್ಲಿ ಕಳೆದು, ಮೂರನೆಯ ದಿನ ಬೆಳಿಗ್ಗೆ ವ್ಯಾನ್ ಪಡೆಯಿರಿ.

ಡಿಸೆಂಬರ್ ಮತ್ತು ಜನವರಿಯಲ್ಲಿ ಅಲ್ಲಿ ಬೇಸಿಗೆ ರಜೆ ಇರುವುದರಿಂದ ತಂಗುದಾಣಗಳು ತುಂಬಿರುತ್ತವೆ, ಬಾಡಿಗೆಯೂ ಏರಿರುತ್ತದೆ. ಫೆಬ್ರವರಿಯ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಹಗಲು ಇನ್ನೂ ದೀರ್ಘವಾಗಿದ್ದು ಜನಸಂದಣಿ ಇಳಿದಿರುತ್ತದೆ; ನಾನು ಆರಿಸುವುದು ಈ ಅವಧಿಯನ್ನೇ. ಕ್ರೈಸ್ಟ್‌ಚರ್ಚಿನಿಂದ ಟೆಕಾಪೊ ಸರೋವರಕ್ಕೆ ಸುಮಾರು 225 ಕಿಲೋಮೀಟರ್. ಕಾರಿನಲ್ಲಿ ಮೂರು ಗಂಟೆಯ ದಾರಿ, ವ್ಯಾನಿನಲ್ಲಿ ಅದಕ್ಕಿಂತ ಹೆಚ್ಚು. ಅಲ್ಲಿಂದ ಮುಂದೆ ಪುಕಾಕಿ ಸರೋವರದ ದಡ ಹಿಡಿದು ಸಾಗಿದರೆ 3,724 ಮೀಟರ್ ಎತ್ತರದ ಔರಾಕಿ (ಮೌಂಟ್ ಕುಕ್) ಪರ್ವತದ ಬುಡ ಸಿಗುತ್ತದೆ. ದಿನಕ್ಕೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸುವ ಯೋಜನೆ ಹಾಕಿಕೊಂಡರೆ ನಿಮ್ಮಿಬ್ಬರಲ್ಲಿ ಒಬ್ಬರು ಸ್ಟಿಯರಿಂಗ್ ಬಿಟ್ಟು ಬೇರೇನನ್ನೂ ನೋಡಿರುವುದಿಲ್ಲ.

ವ್ಯಾನ್ ಆರಿಸುವಾಗ ಹಾಸಿಗೆಯ ಅಗಲಕ್ಕಿಂತ ಮೊದಲು ಶೌಚಾಲಯವನ್ನು ನೋಡಿ. ಅಧಿಕೃತ ಕ್ಯಾಂಪ್‌ಗಳ ಹೊರಗೆ, ಅನುಮತಿ ಇರುವ ಜಾಗಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿ ಫ್ರೀಡಂ ಕ್ಯಾಂಪಿಂಗ್ ಎನ್ನುತ್ತಾರೆ. 2011ರಲ್ಲಿ ಅದಕ್ಕೊಂದು ಕಾಯ್ದೆ ಬಂತು, 2023ರಲ್ಲಿ ನಿಯಮಗಳು ಇನ್ನೂ ಬಿಗಿಯಾದವು. ಹೊಸ ನಿಯಮದ ಪ್ರಕಾರ ಸ್ವಾವಲಂಬಿ ವಾಹನ, ಅಂದರೆ ನೀರು, ಶೌಚ, ಕೊಳೆನೀರನ್ನೆಲ್ಲ ತನ್ನೊಳಗೇ ನಿಭಾಯಿಸುವ ವಾಹನವೆಂದು ಪ್ರಮಾಣಪತ್ರ ಪಡೆಯಲು ಶೌಚಾಲಯವನ್ನು ವಾಹನದೊಳಗೆ ಸ್ಥಿರವಾಗಿ ಅಳವಡಿಸಿರಬೇಕು, ಹಾಸಿಗೆ ಹಾಸಿದ ಮೇಲೂ ಅದನ್ನು ಬಳಸಲು ಸಾಧ್ಯವಾಗಬೇಕು. ಆ ಪ್ರಮಾಣಪತ್ರದ ಹಸಿರು ಕಾರ್ಡ್ ವ್ಯಾನಿನಲ್ಲಿದೆಯೇ ಎಂದು ಬಾಡಿಗೆ ಕಚೇರಿಯ ಅಂಗಳದಲ್ಲೇ ನೋಡಿಕೊಳ್ಳಿ. ಕಾರ್ಡ್ ಇದ್ದಮಾತ್ರಕ್ಕೆ ಎಲ್ಲೆಂದರಲ್ಲಿ ನಿಲ್ಲಿಸಬಹುದೆಂದಲ್ಲ. ಆಯಾ ಊರಿನ ಕೌನ್ಸಿಲ್ ತನ್ನದೇ ನಿರ್ಬಂಧಗಳನ್ನು ಹಾಕಿರುತ್ತದೆ, ಮೀರಿದವರಿಗೆ ದಂಡ ಬೀಳುತ್ತದೆ. ಡೀಸೆಲ್ ವ್ಯಾನಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ರಸ್ತೆ ಬಳಕೆಯ ಶುಲ್ಕವೂ ಇದೆ. ಅನೇಕ ಬಾಡಿಗೆ ಕಂಪನಿಗಳು ಅದನ್ನು ವ್ಯಾನ್ ಹಿಂತಿರುಗಿಸುವಾಗ ವಸೂಲು ಮಾಡುವುದರಿಂದ ಆ ಹಣವನ್ನು ಮೊದಲೇ ಎತ್ತಿಟ್ಟಿರಿ.

ವ್ಯಾನಿನ ಬದುಕೆಲ್ಲ ಮೂರು ತೊಟ್ಟಿಗಳ ಮೇಲೆ ನಿಂತಿದೆ: ಕುಡಿಯುವ ನೀರಿನದು, ಪಾತ್ರೆ ತೊಳೆದ ನೀರಿನದು, ಶೌಚಾಲಯದ ಕ್ಯಾಸೆಟ್ ಎಂಬ ಹೊರಗೆಳೆಯಬಹುದಾದ ಮಲದ ತೊಟ್ಟಿ. ಸ್ವಾವಲಂಬಿ ವಾಹನದ ಕನಿಷ್ಠ ಲೆಕ್ಕ ತಲೆಗೆ ದಿನಕ್ಕೆ 4 ಲೀಟರ್ ನೀರು, ಅಂದರೆ ಇಬ್ಬರಿಗೆ ಮೂರು ದಿನಕ್ಕೆ 24 ಲೀಟರ್. ಬಾಡಿಗೆ ವ್ಯಾನುಗಳ ತೊಟ್ಟಿ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ, ಆದರೂ ನಲ್ಲಿಯನ್ನು ಹರಿಯಬಿಟ್ಟು ಪಾತ್ರೆ ತೊಳೆದರೆ ಎರಡನೆಯ ಸಂಜೆಗೇ ಪಂಪು ಗಾಳಿ ಎಳೆಯತೊಡಗುತ್ತದೆ. ಕ್ಯಾಸೆಟ್ಟನ್ನು ಎರಡು ದಿನಕ್ಕೊಮ್ಮೆ, ತುಂಬಿದ ದೀಪ ಹೊತ್ತಿಕೊಳ್ಳುವ ಮೊದಲೇ ಖಾಲಿ ಮಾಡಿ. ಅದಕ್ಕೆಂದೇ ಊರೂರಿನಲ್ಲಿ ಡಂಪ್ ಸ್ಟೇಷನ್‌ಗಳಿವೆ. ಕೈಗವಸು ಹಾಕಿಕೊಂಡು, ಹೊರಗಿನ ಬಾಗಿಲಿನಿಂದ ಕ್ಯಾಸೆಟ್ಟನ್ನು ಎಳೆದು, ಸುರಿಯುವ ಮೂತಿಯನ್ನು ನಿಮ್ಮಿಂದ ಆಚೆಗೆ ತಿರುಗಿಸಿ, ಗಾಳಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಧಾನವಾಗಿ ಬಗ್ಗಿಸಬೇಕು. ಆ ಗುಂಡಿಯನ್ನು ಒತ್ತದಿದ್ದರೆ ಒಳಗಿನದು ಗುಳುಗುಳು ಎಂದು ಚಿಮ್ಮಿ ಕಾಲ ಮೇಲೆ ಬೀಳುತ್ತದೆ. ಆಮೇಲೆ ಅಲ್ಲಿನ ತೊಳೆಯುವ ನಲ್ಲಿಯಿಂದ ಎರಡು ಸಲ ಕಲಕಿ ಚೆಲ್ಲಿ, ವಾಸನೆ ತಡೆಯುವ ಔಷಧ ಹಾಕಿ ಹಿಂದಕ್ಕೆ ಸೇರಿಸಿದರೆ ಐದು ನಿಮಿಷದ ಕೆಲಸ. ಕುಡಿಯುವ ನೀರಿನ ನಲ್ಲಿ ಬೇರೆ ಇರುತ್ತದೆ, ಎರಡನ್ನೂ ಅದಲುಬದಲು ಮಾಡಬೇಡಿ.

ದಕ್ಷಿಣ ದ್ವೀಪದ ಪಿಕ್ಟನ್ನಿನಿಂದ ಉತ್ತರ ದ್ವೀಪದ ವೆಲಿಂಗ್ಟನ್ನಿಗೆ ಹೋಗುವ ಹಡಗನ್ನು ಹತ್ತುವವರು ಅಡುಗೆ ಗ್ಯಾಸನ್ನು ಸಿಲಿಂಡರಿನಲ್ಲೇ ಮುಚ್ಚಿರಬೇಕು. ಸಮುದ್ರದ ಮೇಲೆ ಸುಮಾರು ಮೂರೂವರೆ ಗಂಟೆ ಹಿಡಿಯುತ್ತದೆ.

ರಸ್ತೆಯಲ್ಲಿ ಎಡಬದಿಯಲ್ಲೇ ಓಡಿಸಬೇಕು, ಊರ ಹೊರಗಿನ ಸಾಮಾನ್ಯ ವೇಗಮಿತಿ ಗಂಟೆಗೆ 100 ಕಿಲೋಮೀಟರ್. ತಿರುವುಗಳಲ್ಲಿ ಆ ವೇಗ ವ್ಯಾನಿಗೆ ಹೊಂದುವುದಿಲ್ಲ. ಹಿಂದೆ ವಾಹನಗಳು ಸಾಲುಗಟ್ಟಿದರೆ ಜಾಗ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಡುವುದು ಮರ್ಯಾದೆ. ಏಕಪಥದ ಸೇತುವೆಗಳು ಅಲ್ಲಿ ಹೇರಳ: ಕೆಂಪು ವೃತ್ತದ ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪು ಬಣ್ಣದಲ್ಲಿದ್ದರೆ ಎದುರಿನವರಿಗೆ ಮೊದಲು ದಾರಿ ಕೊಡಬೇಕು. ಟೆ ಅನೌ ಊರಿನಿಂದ ಮಿಲ್‌ಫೋರ್ಡ್ ಸೌಂಡ್ ಎಂಬ ಕಡಲ ಕೊಲ್ಲಿಗೆ ಹೊರಡುವ ಮುನ್ನ ಟ್ಯಾಂಕ್ ತುಂಬಿಸಿಕೊಳ್ಳಿ. ಸುಮಾರು 120 ಕಿಲೋಮೀಟರಿನ ಆ ದಾರಿಯಲ್ಲಿ, 1.2 ಕಿಲೋಮೀಟರ್ ಉದ್ದದ ಹೋಮರ್ ಸುರಂಗ ಬರುತ್ತದೆ. ಅಲ್ಲಿ ವ್ಯಾನ್ ನಿಲ್ಲಿಸಿದರೆ ಕಿಯಾ ಗಿಳಿಗಳು ಬಂದು ಕಿಟಕಿಯ ರಬ್ಬರನ್ನು ಕಿತ್ತು ಎಳೆಯುತ್ತವೆ. ಅವಕ್ಕೆ ಏನನ್ನೂ ತಿನ್ನಿಸಬೇಡಿ. ಇಂಥ ದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಗಂಟೆಗಟ್ಟಲೆ ಸಿಗದಿರುವುದರಿಂದ, ಯಾವ ದಿನ ಎಲ್ಲಿ ತಂಗುತ್ತೀರಿ ಎಂಬುದನ್ನು ಗೆಳೆಯರಿಗೆ ಬರೆದು ಕೊಟ್ಟಿರಿ. ತುರ್ತು ಕರೆಯ ಸಂಖ್ಯೆ 111.

ವ್ಯಾನಿನೊಳಗೆ ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದರೆ ಮೊಣಕೈಗೆ ಮೊಣಕೈ ತಾಗುತ್ತದೆ, ಮಾತಿಗೆ ಮಾತು ಬೆಳೆಯುತ್ತದೆ. ಹೊರಡುವ ಮುನ್ನ ಒಬ್ಬರು ಒಳಗಿನ ಕಪಾಟು, ಗ್ಯಾಸು, ಮೇಲಿನ ಕಿಂಡಿಗಳನ್ನೂ ಇನ್ನೊಬ್ಬರು ಹೊರಗಿನ ವಿದ್ಯುತ್ ತಂತಿ, ಮೆಟ್ಟಿಲು, ತೊಟ್ಟಿಯ ಮುಚ್ಚಳಗಳನ್ನೂ ನೋಡಿಕೊಂಡು, ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ನಾವು ಹೀಗೆ ಮಾಡಲು ಕಲಿತದ್ದು ಮೊದಲ ವೃತ್ತ ತಿರುಗುವಾಗ ಪಾತ್ರೆಯ ಖಾನೆ ಪೂರ್ತಿ ಹೊರಬಂದು ಎರಡು ತಟ್ಟೆ ಒಡೆದ ಮೇಲೆ. ಚಿಲಕ ಹಾಕಿದ್ದೀರೆಂದು ನಾನೂ, ಹಾಕಿದ್ದೀಯೆಂದು ಅವರೂ ನಂಬಿಕೊಂಡಿದ್ದೆವು.

ಇನ್ನು ಗೆಳೆಯರ ಮನೆ. ಯಾವಾಗ ಬೇಕಾದರೂ ಬನ್ನಿ ಎಂದು ಅವರು ಹೇಳಿದ್ದರೂ ಬರುವ ದಿನ, ಹೊರಡುವ ದಿನ ಎರಡನ್ನೂ ಒಂದು ತಿಂಗಳು ಮೊದಲೇ ತಿಳಿಸಿ. ಎರಡು ಅಥವಾ ಮೂರು ರಾತ್ರಿ ಸಾಕು. ಉಡುಗೊರೆಗೆಂದು ಜೇನುತುಪ್ಪ, ಬೀಜ, ಹಣ್ಣು ಒಯ್ಯಬೇಡಿ. ಬೇರೆ ಯಾವ ತಿನಿಸಿದ್ದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಿಬಿಡಿ, ಏಕೆಂದರೆ ಘೋಷಿಸದೆ ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ ಕಟ್ಟಬೇಕಾಗುತ್ತದೆ. ಮಣ್ಣು ಮೆತ್ತಿದ ಚಾರಣದ ಬೂಟುಗಳನ್ನೂ ಹೇಳಿಯೇ ಒಳಗೆ ಒಯ್ಯಬೇಕು.

ಅವರ ಊರು ಮುಟ್ಟುವ ಮೊದಲೇ ಡಂಪ್ ಸ್ಟೇಷನ್ನಿಗೆ ಹೋಗಿ ಕ್ಯಾಸೆಟ್ಟನ್ನೂ ಬಳಸಿದ ನೀರನ್ನೂ ಖಾಲಿ ಮಾಡಿಕೊಂಡು ಬನ್ನಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಹಳ್ಳಿಯ ಕಡೆಯ ಎಷ್ಟೋ ಮನೆಗಳು ಮಳೆನೀರಿನ ತೊಟ್ಟಿ ಮತ್ತು ಸೆಪ್ಟಿಕ್ ಟ್ಯಾಂಕನ್ನು ನಂಬಿಕೊಂಡಿರುತ್ತವೆ. ಕ್ಯಾಸೆಟ್ಟಿನ ಔಷಧ ಆ ಟ್ಯಾಂಕಿನಲ್ಲಿ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲಬಲ್ಲದು. ನೀವು ಹೋದ ಮೇಲೆ ಅದರ ತೊಂದರೆ ಅನುಭವಿಸುವವರು ಅವರು. ವ್ಯಾನನ್ನು ಎಲ್ಲಿ ನಿಲ್ಲಿಸಲಿ ಎಂದು ಕೇಳಿ. ಮನೆಯ ಮುಂದೆ ರಸ್ತೆಗೂ ಕಾಲುದಾರಿಗೂ ನಡುವೆ ಇರುವ ಹುಲ್ಲಿನ ಪಟ್ಟಿ ಖಾಲಿ ಕಂಡಿತೆಂದು ಅದರ ಮೇಲೆ ಏರಿಸಬೇಡಿ. ವ್ಯಾನಿನ ದಪ್ಪ ನೀಲಿ ಪ್ಲಗ್ಗು ಮನೆಯ ಸಾಕೆಟ್ಟಿಗೆ ಕೂರುವುದಿಲ್ಲ. ಸುರಕ್ಷಾ ಸ್ವಿಚ್ ಇರುವ ಅಡಾಪ್ಟರ್ ಇದ್ದರೆ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಿ, ಅದರಲ್ಲಿ ಹೀಟರ್ ಹಾಕಬೇಡಿ.

ಅನೇಕ ಮನೆಗಳಲ್ಲಿ ಬಿಸಿನೀರು ಒಂದು ತೊಟ್ಟಿಯಷ್ಟೇ ಇರುತ್ತದೆ. ವ್ಯಾನಿನಲ್ಲಿ ನಾಲ್ಕು ದಿನ ಅರೆಬರೆ ಸ್ನಾನ ಮಾಡಿ ಬಂದವರಿಗೆ ಷವರಿನ ಕೆಳಗೆ ನಿಂತುಬಿಡುವ ಆಸೆಯಾಗುವುದು ಸಹಜ, ಆದರೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿನಲ್ಲಿ ಆ ನೀರು ಅವರಿಗೆ ಸೇರಿದ್ದು. ಗೆಳೆಯರು ನೆರೆಯವರ ಔತಣಕ್ಕೆ ನಿಮ್ಮನ್ನೂ ಕರೆದೊಯ್ಯುವಾಗ, ಬ್ರಿಂಗ್ ಎ ಪ್ಲೇಟ್ ಎಂದು ಹೇಳಿದರೆ ಖಾಲಿ ತಟ್ಟೆಯನ್ನು ಒಯ್ಯಬೇಡಿ. ಎಲ್ಲರೂ ಹಂಚಿಕೊಳ್ಳುವಂಥ ಒಂದು ಖಾದ್ಯವನ್ನು ತನ್ನಿ ಎಂಬುದು ಅಲ್ಲಿ ಆ ಮಾತಿನ ಅರ್ಥ. ಒಂದು ರಾತ್ರಿಯ ಅಡುಗೆಯನ್ನು ನೀವಿಬ್ಬರೇ ವಹಿಸಿಕೊಳ್ಳಿ, ಸಾಮಾನನ್ನೂ ನೀವೇ ತನ್ನಿ. ಬಟ್ಟೆ ಒಗೆಯುವ ಯಂತ್ರವನ್ನು ಕೇಳಿಯೇ ಬಳಸಿ, ಒಣಗಿದ್ದನ್ನು ಆ ದಿನವೇ ತಂತಿಯಿಂದ ತೆಗೆಯಿರಿ.

ಹೊರಡುವ ಬೆಳಿಗ್ಗೆ ಹಾಸಿಗೆಯ ಹೊದಿಕೆಗಳನ್ನು ಕಳಚಿ, ಮಡಚಿ, ಎಲ್ಲಿಡಲಿ ಎಂದು ಕೇಳಿ ಇಟ್ಟುಬಿಡಿ. ಕಸದ ಚೀಲವನ್ನು ಅವರ ಡಬ್ಬಿಗೆ ತುರುಕದೆ ಮುಂದಿನ ಕ್ಯಾಂಪಿಗೆ ಒಯ್ಯಿರಿ. ವ್ಯಾನ್ ಹಿಂದಕ್ಕೆ ತೆಗೆಯುವಾಗ ಒಬ್ಬರು ಕೆಳಗಿಳಿದು ಹಿಂಬದಿಯಲ್ಲಿ ನಿಂತು ಕೈಸನ್ನೆ ತೋರಿಸಿ. ಮನೆಯ ಮಕ್ಕಳು ಟಾಟಾ ಹೇಳಲು ಅಂಗಳಕ್ಕೆ ಓಡಿ ಬಂದಿರುತ್ತಾರೆ.