ಅಪ್ಪ, ಅಮ್ಮ, ಮಕ್ಕಳು, ಒಂದು ಕಾರು: ಝಯಾನ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ವರೆಗೆ ಏಳು ದಿನ

ಊರಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬಂದರೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಲೇಬೇಕು ಅಂತ ಎಲ್ಲರಿಗೂ ಆಸೆ. ತುಂಬಾ ಜನ ಲಾಸ್ ವೇಗಸ್‌ನಿಂದ ಒಂದೇ ದಿನದಲ್ಲಿ ಹೋಗಿ ಬಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಣಿವೆಯ ದಕ್ಷಿಣದ ಅಂಚಾದ ಸೌತ್ ರಿಮ್‌ಗೆ ಹೋಗಲು ನಾಲ್ಕೂವರೆ ಗಂಟೆ, ವಾಪಸ್ ಬರಲು ಅಷ್ಟೇ, ನಡುವೆ ನಿಂತು ನೋಡಲು ಸಿಗುವುದು ಎರಡು ಗಂಟೆ. ಅದರ ಬದಲು ಏಳು ದಿನ ರಜೆ ಹಾಕಿ, ಯೂಟಾ ಮತ್ತು ಅರಿಝೋನಾ ಎರಡನ್ನೂ ಸೇರಿಸಿ ಒಂದು ಸುತ್ತು ಹಾಕಿ. ನಾವು ಎರಡು ಸಲ ಹೋಗಿದ್ದೇವೆ, ಒಮ್ಮೆ ನನ್ನ ಅಪ್ಪ ಅಮ್ಮನ ಜೊತೆ, ಇನ್ನೊಮ್ಮೆ ಅತ್ತೆ ಮಾವನ ಜೊತೆ. ಎರಡು ಸಲವೂ ಮಕ್ಕಳಿದ್ದರು. ನಾನು ಹೇಳುವುದು ಒಂದೇ: ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರ ಮಂಡಿ ನೋಡಿಕೊಂಡು ಪ್ಲಾನ್ ಮಾಡಿ.

ರಾತ್ರಿಗಳ ಲೆಕ್ಕ ಹೀಗೆ. ಯೂಟಾದ ಝಯಾನ್ ಪಾರ್ಕಿನ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್‌ನಲ್ಲಿ ಎರಡು, ಬ್ರೈಸ್ ಕ್ಯಾನ್ಯನ್ ಪಾರ್ಕಿನ ಹತ್ತಿರ ಒಂದು, ಅರಿಝೋನಾದ ಪೇಜ್ ಊರಿನಲ್ಲಿ ಎರಡು, ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಒಂದು. ಯಾವ ದಿನವೂ ಮೂರು ಗಂಟೆಗಿಂತ ಜಾಸ್ತಿ ಡ್ರೈವಿಂಗ್ ಬರುವುದಿಲ್ಲ, ಕೊನೆಯ ದಿನ, ಮತ್ತು ಕೆಂಪು ಬಂಡೆಗಳ ಮಾನ್ಯುಮೆಂಟ್ ವ್ಯಾಲಿಗೆ ಹೋದರೆ ಆ ದಿನ ಬಿಟ್ಟು.

ಯಾವಾಗ ಹೋಗಬೇಕು? ಏಪ್ರಿಲ್ ಕೊನೆ, ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಮಕ್ಕಳಿಗೆ ರಜೆ ಇರುತ್ತದೆ, ನಿಜ. ಆದರೆ ಆಗ ಸುಡುವ ಬಿಸಿಲು, ಜೊತೆಗೆ ಅಲ್ಲಿನ ಮಳೆಗಾಲ. ಈ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ತಲೆ ಮೇಲೆ ಆಕಾಶ ನೀಲಿಯಾಗಿಯೇ ಇರುತ್ತದೆ, ಹತ್ತಾರು ಮೈಲಿ ಆಚೆ ಸುರಿದ ಮಳೆಯ ನೀರು ಕಿರಿದಾದ ಕಣಿವೆಗೆ ಒಮ್ಮೆಲೇ ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಪೇಜ್ ಹತ್ತಿರದ ಲೋವರ್ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಪ್ರವಾಸಿಗರು ಸತ್ತದ್ದು ಹೀಗೆಯೇ. ಹವಾಮಾನ ನೋಡಿ ಟೂರ್ ರದ್ದು ಮಾಡಿದ್ದೇವೆ ಅಂತ ಗೈಡ್ ಹೇಳಿದರೆ ಜಗಳ ಮಾಡಬೇಡಿ.

ಝಯಾನ್‌ನಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಕಣಿವೆಯ ಮುಖ್ಯ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ. ಶಟಲ್ ಬಸ್ ಇದೆ, ಉಚಿತ. ವಿಸಿಟರ್ ಸೆಂಟರ್ ಪಾರ್ಕಿಂಗ್ ಬೆಳಿಗ್ಗೆ ಬೇಗ ತುಂಬಿಹೋಗುತ್ತದೆ, ಹಾಗಾಗಿ ಕಾರನ್ನು ಹೋಟೆಲಿನಲ್ಲೇ ಬಿಟ್ಟು ಊರಿನ ಶಟಲ್ ಹಿಡಿಯಿರಿ. ಬಸ್ಸಿನ ಕೊನೆಯ ಸ್ಟಾಪ್‌ನಿಂದ ರಿವರ್‌ಸೈಡ್ ವಾಕ್ ಶುರುವಾಗುತ್ತದೆ, ಹೋಗಿ ಬರಲು ಎರಡು ಮೈಲಿ ಚಿಲ್ಲರೆ, ಹೆಚ್ಚುಕಮ್ಮಿ ಸಮತಟ್ಟು, ಪಕ್ಕದಲ್ಲೇ ವರ್ಜಿನ್ ನದಿ. ನನ್ನ ಅಮ್ಮ ಬಾಗಲಕೋಟೆ ಕಡೆಯವರು. ಆ ಕೆಂಪು ಬಂಡೆಗಳನ್ನು ತಲೆ ಎತ್ತಿ ನೋಡಿ "ನಮ್ಮ ಬಾದಾಮಿ ಗುಡ್ಡಾನ ಯಾರೋ ಜಗ್ಗಿ ಎತ್ತರ ಮಾಡ್ಯಾರ ನೋಡು" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇದೆ, ಎರಡೂ ಮರಳುಗಲ್ಲೇ. ಏಂಜಲ್ಸ್ ಲ್ಯಾಂಡಿಂಗ್ ಅನ್ನುವ ಕಡಿದಾದ ಬಂಡೆ ಹತ್ತುವ ಆಸೆ ಇದ್ದರೆ ಮೊದಲೇ ಲಾಟರಿಯಲ್ಲಿ ಪರ್ಮಿಟ್ ತೆಗೆದುಕೊಳ್ಳಬೇಕು, 2022ರಿಂದ ಈ ನಿಯಮ. ಚಿಕ್ಕ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ.

ಬ್ರೈಸ್‌ಗೆ ಎರಡು ಗಂಟೆ ದಾರಿ, ಆದರೆ ಹವಾ ಪೂರ್ತಿ ಬೇರೆ. ಅಲ್ಲಿನ ಅಂಚು 8000 ಅಡಿಗಿಂತ ಎತ್ತರದಲ್ಲಿದೆ. ಹಗಲು ಬೆಚ್ಚಗಿದ್ದರೂ ಮೇ ತಿಂಗಳ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ. ಸ್ವೆಟರ್, ಶಾಲು, ಅಪ್ಪನ ಮಂಕಿ ಕ್ಯಾಪ್ ಎಲ್ಲ ಬೇಕು. ಹುಡೂ ಅನ್ನುವ ಆ ಕಲ್ಲಿನ ಕಂಬಗಳು ಆಗಿರುವುದೂ ಈ ಚಳಿಯಿಂದಲೇ: ಹಗಲು ಬಿರುಕಿಗೆ ಇಳಿದ ನೀರು ರಾತ್ರಿ ಮಂಜುಗಡ್ಡೆಯಾಗಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗೆ ಅರ್ಧ ಮೈಲಿ ದಾರಿಗೆ ಟಾರು ಹಾಕಿದ್ದಾರೆ, ಮಂಡಿನೋವಿನವರು ಆರಾಮಾಗಿ ನಡೆಯಬಹುದು. ಕೆಳಗೆ ಇಳಿಯುವ ದಾರಿಗಳು ಚೆನ್ನಾಗಿವೆ, ಆದರೆ ವಾಪಸ್ ಹತ್ತುವಾಗ ಉಸಿರು ಕಟ್ಟುತ್ತದೆ.

ಅಡುಗೆ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಈ ದಾರಿಯಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಪಿಜ್ಜಾ, ಫ್ರೈಸ್, ಸಲಾಡ್, ಅಷ್ಟೇ ಅನ್ನಬಹುದು. ಮೂರನೇ ದಿನಕ್ಕೆ ಹಿರಿಯರ ಹೊಟ್ಟೆ ಬೇಡ ಅನ್ನುತ್ತದೆ. ಚಿಕ್ಕ ರೈಸ್ ಕುಕ್ಕರ್, ಅಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ, ಹಚ್ಚಿದ ಅವಲಕ್ಕಿ, ಎರಡು ದಿನಕ್ಕಾಗುವಷ್ಟು ಚಪಾತಿ, ಐಸ್ ಹಾಕಿದ ಕೂಲರ್‌ನಲ್ಲಿ ಮೊಸರು ಇಟ್ಟುಕೊಳ್ಳಿ. ಅಡುಗೆಗೆ ಅವಕಾಶ ಇರುವ ರೂಮನ್ನೇ ನೋಡಿ ಬುಕ್ ಮಾಡಿ. ಬ್ರೈಸ್‌ನಲ್ಲಿ ರಾತ್ರಿ ಮಾಡಿದ ನಮ್ಮ ಅನ್ನ ಹಾಗೇ ಗಟ್ಟಿ ಉಳಿಯಿತು. ಕುಕ್ಕರ್ ಕೆಟ್ಟಿತು ಅಂದುಕೊಂಡೆವು. ಅಗುಳು ಹೊರಗೆ ಮೆತ್ತಗಾಗಿತ್ತು, ಹಲ್ಲಿಗೆ ಸಿಕ್ಕರೆ ಒಳಗೆ ಬಿಳಿ ಚುಕ್ಕೆಯಂತೆ ಗಟ್ಟಿ. ಅಷ್ಟು ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಅಕ್ಕಿಗೆ ಬೇಕಾದ ಬಿಸಿ ಸಿಗುವುದಿಲ್ಲ. ಅರ್ಧ ಗಂಟೆ ನೆನೆಹಾಕಿ, ಅರ್ಧ ಲೋಟ ನೀರು ಜಾಸ್ತಿ ಹಾಕಿ, ಕುಕ್ಕರ್ ಆಫ್ ಆದ ಮೇಲೂ ಹದಿನೈದು ನಿಮಿಷ ಮುಚ್ಚಳ ತೆಗೆಯಬೇಡಿ. ಮಾರನೆಯ ದಿನ ಹೀಗೆ ಮಾಡಿದ ಅನ್ನವನ್ನು ಮೊಸರಿಗೆ ಕಲಸಿ ಡಬ್ಬಿಗೆ ತುಂಬಿಕೊಂಡು ಹೋದೆವು, ದಾರಿಯಲ್ಲಿ ಮರದ ನೆರಳಲ್ಲಿ ಕೂತು ಅಪ್ಪ ಎರಡು ಸಲ ಹಾಕಿಸಿಕೊಂಡರು.

ಕುಡಿಯುವ ನೀರು ದಿನಕ್ಕೆ ತಲೆಗೆ ನಾಲ್ಕು ಲೀಟರ್. ಬಾಯಾರಿಕೆ ಆಗಲಿ ಅಂತ ಕಾಯಬೇಡಿ, ಅಲ್ಲಿ ಬೆವರು ಕಾಣಿಸುವ ಮುಂಚೆಯೇ ಆರಿಹೋಗುತ್ತದೆ. ಪೆಟ್ರೋಲ್ ಅರ್ಧಕ್ಕೆ ಬಂದ ತಕ್ಷಣ ತುಂಬಿಸಿ. ಮ್ಯಾಪ್‌ಗಳನ್ನು ಫೋನಿಗೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಮೈಲಿಗಟ್ಟಲೆ ಸಿಗ್ನಲ್ ಇರುವುದಿಲ್ಲ.

ಪೇಜ್‌ನಲ್ಲಿ ಗಡಿಯಾರದ ಗೊಂದಲ ಇದೆ. ಬೇಸಿಗೆಯಲ್ಲಿ ಯೂಟಾ ಒಂದು ಗಂಟೆ ಮುಂದೆ ಇರುತ್ತದೆ, ಅರಿಝೋನಾದಲ್ಲಿ ಗಡಿಯಾರ ಬದಲಾಯಿಸುವುದಿಲ್ಲ, ಆದರೆ ಅದೇ ಅರಿಝೋನಾದೊಳಗಿನ ನವಾಹೋ ಮೂಲನಿವಾಸಿಗಳ ಪ್ರದೇಶವಾದ ನವಾಹೋ ನೇಷನ್‌ನಲ್ಲಿ ಬದಲಾಯಿಸುತ್ತಾರೆ. ಯಾವ ಟವರ್ ಸಿಕ್ಕಿತೋ ಅದರ ಸಮಯವನ್ನು ಫೋನ್ ತೋರಿಸುತ್ತದೆ. ಸೆಟಿಂಗ್ಸ್‌ಗೆ ಹೋಗಿ ಫೀನಿಕ್ಸ್ ಸಮಯಕ್ಕೆ ನೀವೇ ಇಟ್ಟುಬಿಡಿ, ಟೂರ್ ಎಷ್ಟು ಗಂಟೆಗೆ, ಯಾವ ಲೆಕ್ಕದಲ್ಲಿ ಅಂತ ಬುಕ್ ಮಾಡುವಾಗಲೇ ಕೇಳಿ.

ಆಂಟಿಲೋಪ್ ಕ್ಯಾನ್ಯನ್ ನವಾಹೋ ಜನರ ಜಾಗ, ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ, ಪಾರ್ಕ್ ಪಾಸ್ ನಡೆಯುವುದಿಲ್ಲ. ಅದರಲ್ಲಿ ಲೋವರ್, ಅಪ್ಪರ್ ಅಂತ ಎರಡು ಭಾಗ. ಲೋವರ್‌ನಲ್ಲಿ ಕಡಿದಾದ ಏಣಿಗಳಿವೆ. ನಾವು ಮೊದಲ ಸಲ ಅದು ಗೊತ್ತಿಲ್ಲದೆ ಬುಕ್ ಮಾಡಿದ್ದೆವು. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತರು, ನಾವು ಒಳಗೆ ಹೋದೆವು. ಅದನ್ನು ನೆನೆದರೆ ನನಗೆ ಇವತ್ತಿಗೂ ಬೇಜಾರು. ಅಪ್ಪರ್‌ನಲ್ಲಿ ಒಳಗಿನ ನೆಲ ಸಮತಟ್ಟಾಗಿದೆ, ಆದರೆ ವಾಪಸ್ ಬರುವುದು ಹೊರಗಿನ ಮೆಟ್ಟಿಲು ದಾರಿಯಲ್ಲಿ, ಅದನ್ನೂ ಮೊದಲೇ ವಿಚಾರಿಸಿ. ಎರಡೂ ಆಗದಿದ್ದರೆ ಕೊಲರಾಡೊ ನದಿ ಕುದುರೆ ಲಾಳದಂತೆ ತಿರುಗುವ ಹಾರ್ಸ್‌ಶೂ ಬೆಂಡ್‌ಗೆ ಹೋಗಿ, ಹೋಗಿ ಬರಲು ಒಂದೂವರೆ ಮೈಲಿ. ಅಲ್ಲಿ ನೆರಳು ಕಡಿಮೆ, ಅಂಚಿನಲ್ಲಿ ಕಂಬಿ ಇರುವುದು ಒಂದು ಕಡೆ ಮಾತ್ರ, ಮಕ್ಕಳ ಕೈ ಬಿಡಬೇಡಿ. ಮಾನ್ಯುಮೆಂಟ್ ವ್ಯಾಲಿ ಪೇಜ್‌ನಿಂದ ಎರಡು ಗಂಟೆ ದೂರ. ಅಲ್ಲಿನ 17 ಮೈಲಿ ಮಣ್ಣುರಸ್ತೆ ಸೊಂಟನೋವಿನವರಿಗೆ ಬೇಡ, ವಿಸಿಟರ್ ಸೆಂಟರ್ ಮುಂದೆ ಕೂತು ನೋಡಿದರೂ ಸಾಕು.

ಪಾರ್ಕ್ ಶುಲ್ಕ 2026ರಿಂದ ಅಮೆರಿಕದಲ್ಲಿ ನೆಲೆಸಿದವರಿಗೆ ಒಂದು, ಹೊರದೇಶದವರಿಗೆ ಇನ್ನೊಂದು. ವಾರ್ಷಿಕ ಪಾಸ್ 80 ಡಾಲರ್ ಮತ್ತು 250 ಡಾಲರ್. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಯಾವುದು ಅನ್ವಯ ಅಂತ ಪಾರ್ಕ್ ಸರ್ವಿಸ್ ವೆಬ್‌ಸೈಟಿನಲ್ಲಿ ಹೊರಡುವ ಮುಂಚೆ ನೋಡಿಕೊಳ್ಳಿ. ಮಕ್ಕಳಿಗೆ ಪ್ರತಿ ಪಾರ್ಕಿನಲ್ಲೂ ಜೂನಿಯರ್ ರೇಂಜರ್ ಪುಸ್ತಕ ಕೇಳಿ ಪಡೆಯಿರಿ. ಅದನ್ನು ತುಂಬಿಸಿ ಕೊಟ್ಟರೆ ರೇಂಜರ್ ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ನನ್ನ ಮಗಳು ಅದಕ್ಕೋಸ್ಕರ ಐಪ್ಯಾಡ್ ಮುಟ್ಟಲೇ ಇಲ್ಲ.

ಪೇಜ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗುವಾಗ ಕ್ಯಾಮರಾನ್ ಊರಿನ ಮೇಲೆ ಹಾದು ಪೂರ್ವದ ಗೇಟಿನಿಂದ ಒಳಗೆ ಹೋಗಿ. ಮೊದಲು ಸಿಗುವುದೇ ಡೆಸರ್ಟ್ ವ್ಯೂ, 1932ರಲ್ಲಿ ಕಟ್ಟಿದ ಕಲ್ಲಿನ ಗೋಪುರ ಅಲ್ಲಿದೆ, ಕೆಳಗೆ ಕೊಲರಾಡೊ ನದಿ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್‌ವರೆಗಿನ ಸುಮಾರು 25 ಮೈಲಿಯಲ್ಲಿ ಸಿಕ್ಕ ಸಿಕ್ಕ ಕಡೆ ನಿಲ್ಲಿಸುತ್ತಾ ನಿಧಾನವಾಗಿ ಬನ್ನಿ. ಮಡಚುವ ಕುರ್ಚಿ ಎರಡು ಡಿಕ್ಕಿಯಲ್ಲಿರಲಿ. ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ, ಅಂಚಿನಿಂದ ದೂರ ಕುರ್ಚಿ ಹಾಕಿ ಹಿರಿಯರನ್ನು ಕೂರಿಸಿ, ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿ ಕೊಡಿ. ಬಂಡೆಯ ಬಣ್ಣ ಹತ್ತು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ನನ್ನ ಮಾವ ಸಾಮಾನ್ಯವಾಗಿ ಸುಮ್ನೆ ಕೂರುವವರಲ್ಲ, ಅವತ್ತು ಕತ್ತಲಾಗುವವರೆಗೆ ಒಂದು ಮಾತೂ ಆಡಲಿಲ್ಲ. ರೂಮು ಪಾರ್ಕಿನೊಳಗೇ ಸಿಕ್ಕರೆ ಒಳ್ಳೆಯದು, ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಕತ್ತಲಲ್ಲಿ ದೂರ ಓಡಿಸಬೇಡಿ, ಆ ರಸ್ತೆಗಳಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಇದ್ದಕ್ಕಿದ್ದಂತೆ ಅಡ್ಡ ಬರುತ್ತವೆ.