ಕೀಲುನೋವಿನ ನಡುವೆ ಮೌನಪ್ರಾರ್ಥನೆ: ನಾನು ಮಾಡುವ ಕ್ರಮ

ಕ್ರೈಸ್ತ ಮೌನಪ್ರಾರ್ಥನೆ ಕಲಿಸುವವರು ಸಾಮಾನ್ಯವಾಗಿ ಬೆಳಗಿನ ಜಾವವನ್ನೇ ಹೊಗಳುತ್ತಾರೆ. ನನ್ನಂತೆ ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇದ್ದವರಿಗೆ ಆ ಹೊತ್ತೇ ಆಗಿಬರುವುದಿಲ್ಲ. ಎದ್ದ ಮೇಲೆ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು, ಕೀಲುಗಳು ಬಿಗಿದುಕೊಂಡಿರುತ್ತವೆ. ಬೆರಳು ಮಡಚಲಾಗದ ಹೊತ್ತಿನಲ್ಲಿ ಮನಸ್ಸನ್ನು ನಿಲ್ಲಿಸಲು ಹೋದರೆ ಪ್ರಾರ್ಥನೆ ಹೋಗಿ ಹಲ್ಲು ಕಚ್ಚಿ ಕೂರುವುದಷ್ಟೇ ಉಳಿಯುತ್ತದೆ. ಹಾಗಾಗಿ ಮೊದಲು ತಿಂಡಿ, ಆಮೇಲೆ ಮಾತ್ರೆ, ಆಮೇಲೆ ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಕೈ ಅದ್ದಿ ಬೆರಳು ಸಡಿಲ ಮಾಡಿಕೊಳ್ಳುತ್ತೇನೆ. ಮೌನ ಅದರ ನಂತರ. ಹತ್ತು ಗಂಟೆಗೆ ಕೂತರೂ ದೇವರೇನು ಹಾಜರಿ ಪುಸ್ತಕ ಮುಚ್ಚಿಟ್ಟಿರುವುದಿಲ್ಲ.

ಕೂರುವ ರೀತಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 14ನೇ ಶತಮಾನದ ಸಂತ ಸಿನಾಯಿಯ ಗ್ರೆಗರಿ, ಯೇಸುವಿನ ನಾಮಪ್ರಾರ್ಥನೆ ಮಾಡುವ ಸನ್ಯಾಸಿಗಳಿಗೆ ಗೇಣುದ್ದದ ಮಣೆಯ ಮೇಲೆ ಕೂತು, ತಲೆ ಬಗ್ಗಿಸಿ, ಕುತ್ತಿಗೆ ಭುಜ ನೊಂದರೂ ಬಿಡದೆ ಮುಂದುವರಿಸಿ ಎಂದು ಹೇಳಿದ್ದರು. ನಡುವೆ ವಿಶ್ರಾಂತಿಗೆಂದು ಹಾಸಿಗೆಯ ಮೇಲೂ ಕೂರಬಹುದು ಎಂದೂ ಅವರೇ ಸೇರಿಸಿದ್ದಾರೆ. ನಮ್ಮಂಥವರು ಹಿಡಿಯಬೇಕಾದದ್ದು ಈ ಎರಡನೆಯ ಮಾತನ್ನು. ಈ ಕಾಯಿಲೆ ಕುತ್ತಿಗೆಯ ಮೇಲ್ಭಾಗದ ಮೂಳೆಗಳ ಹಿಡಿತವನ್ನೂ ಸಡಿಲ ಮಾಡಬಲ್ಲದು, ಆದ್ದರಿಂದ ತುಂಬ ಹೊತ್ತು ತಲೆ ಬಗ್ಗಿಸಿ ಕೂರುವುದು ಒಳ್ಳೆಯದಲ್ಲ. ನಾನು ಬಳಸುವುದು ಬೆನ್ನಿಗೆ ಆಸರೆಯಿರುವ ಮರದ ಕುರ್ಚಿ. ಸೀಟಿನ ಮೇಲೆ ಮಡಚಿದ ಕಂಬಳಿ ಹಾಕಿದರೆ ಮೊಣಕಾಲು ಸೊಂಟಕ್ಕಿಂತ ಚೂರು ಕೆಳಗೆ ಬರುತ್ತದೆ, ಏಳುವಾಗ ತ್ರಾಸ ಕಡಿಮೆ. ಪಾದ ಪೂರ್ತಿ ನೆಲ ಮುಟ್ಟಿರಬೇಕು. ಕುತ್ತಿಗೆಯ ಹಿಂದೆ ಸುತ್ತಿದ ಟವೆಲ್, ತೊಡೆಯ ಮೇಲೆ ಒಂದು ದಿಂಬು, ಅದರ ಮೇಲೆ ಎರಡೂ ಕೈ. ಈ ದಿಂಬನ್ನು ಬಿಟ್ಟರೆ ಕೈಗಳ ಭಾರವೆಲ್ಲ ಭುಜಕ್ಕೆ ಬಿದ್ದು, ಸ್ವಲ್ಪ ಹೊತ್ತಿಗೇ ಗಮನ ಅಲ್ಲಿಗೆ ಹೋಗಿಬಿಡುತ್ತದೆ.

ಜಪಸರದ ಸಣ್ಣ ಮಣಿಯನ್ನು ಎರಡು ಬೆರಳಿನಲ್ಲಿ ಹಿಡಿದು ಸರಿಸುವುದು ಊದಿದ ಬೆರಳಿಗೆ ಕಷ್ಟ. ಅದಕ್ಕೆ ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತ ಸನ್ಯಾಸಿಗಳಂತೆ ಗಂಟಿನ ಹಗ್ಗ ಮೇಲು. ಸುಮಾರು ಎಂಟು ಮಿಲಿಮೀಟರ್ ದಪ್ಪದ ಹತ್ತಿಯ ಹಗ್ಗ ಒಂದೂವರೆ ಮೀಟರ್ ಸಾಕು. ಎರಡೆರಡು ಬೆರಳಿನ ಅಂತರದಲ್ಲಿ ಹತ್ತು ಗಂಟು ಹಾಕಬೇಕು, ಬೇಕಾದರೆ ಬೇರೆಯವರ ಕೈಯಲ್ಲಿ ಹಾಕಿಸಬೇಕು. ಬೆರಳಿನಿಂದ ಹಿಡಿಯುವುದೇ ಬೇಡ. ಅಂಗೈ ಮೇಲೆ ಎಳೆದುಕೊಂಡರೆ ಗಂಟು ಚರ್ಮಕ್ಕೆ ತಾಗಿದ್ದು ಗೊತ್ತಾಗುತ್ತದೆ. ನೈಲಾನ್ ಹಗ್ಗ ಜಾರುತ್ತದೆ, ಗಂಟೂ ನಿಲ್ಲುವುದಿಲ್ಲ.

ಮಾತು ಚಿಕ್ಕದಿರಲಿ. ಉಸಿರು ಒಳಗೆ ಹೋಗುವಾಗ 'ಪ್ರಭು ಯೇಸುಕ್ರಿಸ್ತರೇ', ಹೊರಗೆ ಬರುವಾಗ 'ದಯೆ ತೋರಿ'. ಉಸಿರನ್ನು ಎಳೆಯುವುದು, ಹಿಡಿದಿಡುವುದು ಬೇಡ. ಅಸ್ತಮಾ ಇದ್ದವರು ಉಸಿರಿನ ಗೊಡವೆಯನ್ನೇ ಬಿಟ್ಟು ಗಂಟಿಗೊಂದರಂತೆ ಹೇಳಿಕೊಂಡರೆ ಸಾಕು, ಇಲ್ಲದಿದ್ದರೆ ಉಸಿರನ್ನು ಗಮನಿಸುವುದರಿಂದಲೇ ಗಾಬರಿ ಏರುತ್ತದೆ. ಹತ್ತು ಗಂಟು ಮುಗಿದ ಮೇಲೆ ಮಾತನ್ನೂ ಬಿಟ್ಟು ಸುಮ್ಮನೆ ಕೂರುವುದು, ಮನಸ್ಸು ಅಲೆದಾಗ ಮಾತ್ರ ಮತ್ತೆ ಆ ಮಾತಿಗೆ ಮರಳುವುದು.

1970ರ ದಶಕದಲ್ಲಿ ಅಮೆರಿಕದ ಸ್ಪೆನ್ಸರ್ ಮಠದ ಟ್ರ್ಯಾಪಿಸ್ಟ್ ಪಂಥದ ಕಥೋಲಿಕ ಸನ್ಯಾಸಿಗಳು ರೂಪಿಸಿದ ಸೆಂಟರಿಂಗ್ ಪ್ರೇಯರ್ ಎಂಬ ಮೌನಪ್ರಾರ್ಥನೆಯ ಕ್ರಮದಲ್ಲಿ ದಿನಕ್ಕೆ ಎರಡು ಸಲ, ಇಪ್ಪತ್ತು ಇಪ್ಪತ್ತು ನಿಮಿಷ. ಒಂದೇ ಭಂಗಿಯಲ್ಲಿ ಅಷ್ಟು ಹೊತ್ತು ಕೂತರೆ ನಮ್ಮ ಕೀಲು ಮತ್ತೆ ಬಿಗಿಯುತ್ತದೆ. ಐದೈದು ನಿಮಿಷದಂತೆ ಮೂರು ಸಲ ಕೂತರೂ ಅದು ಪೂರ್ತಿ ಪ್ರಾರ್ಥನೆಯೇ. ಅಲಾರಂ ಮೆಲುದನಿಯದ್ದಾಗಿರಲಿ. ಅದು ಬಡಿದ ತಕ್ಷಣ ಏಳಬಾರದು. ಎರಡು ನಿಮಿಷ ಕಣ್ಣು ಮುಚ್ಚಿಯೇ ಇದ್ದು, ಬೆರಳು ಮತ್ತು ಪಾದದ ಗಿಣ್ಣು ಆಡಿಸಿ, ಕುರ್ಚಿಯ ಕೈ ಹಿಡಿದು ಏಳಬೇಕು.

ಕೆಡುವುದು ಹೆಚ್ಚಾಗಿ ನೋವಿನ ಜತೆ ಜಗಳಕ್ಕೆ ನಿಂತಾಗ. 'ಮೌನದಲ್ಲಿ ಕೂತಿದ್ದೇನೆ, ಇನ್ನೂ ಯಾಕೆ ಕಮ್ಮಿಯಾಗಿಲ್ಲ' ಎಂದು ನಿಮಿಷಕ್ಕೊಮ್ಮೆ ತಪಾಸಣೆ ಮಾಡಿದರೆ ನೋವೇ ಜಪವಾಗುತ್ತದೆ. ನಾನು ನೋವಿನ ಜಾಗವನ್ನು ಒಂದು ಸಲ ಹೆಸರಿಸುತ್ತೇನೆ, 'ಎಡ ಮಣಿಕಟ್ಟು' ಎಂದು. ಅಲ್ಲಿಂದ ಪ್ರಾರ್ಥನೆಯ ಮಾತಿಗೆ ವಾಪಸ್. ವಾಸಿಯಾಗಲಿ ಎಂಬ ಬೇಡಿಕೆಯನ್ನು ಕೂರುವ ಮೊದಲೇ ಬಾಯಿಬಿಟ್ಟು ಹೇಳಿ ಮುಗಿಸುತ್ತೇನೆ, ಅದನ್ನು ಮೌನದೊಳಗೆ ತರುವುದಿಲ್ಲ. 'ವಿಶ್ವಾಸ ಸಾಲದು, ಅದಕ್ಕೇ ವಾಸಿಯಾಗಿಲ್ಲ' ಎನ್ನುವವರು ಎಲ್ಲ ಸಭೆಗಳಲ್ಲೂ ಇರುತ್ತಾರೆ. ಅಂಥವರು ಬೈಬಲಿನಲ್ಲಿ ಪೌಲರು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 12ನೇ ಅಧ್ಯಾಯ ಓದಲಿ: ದೇಹಕ್ಕೆ ನಾಟಿದ ಮುಳ್ಳಿನಂಥ ಬಾಧೆ ಹೋಗಲಿ ಎಂದು ಪೌಲರು ಮೂರು ಸಲ ಬೇಡಿದರು, ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು.

ಮೌನದಲ್ಲಿ ಅಳು ಬರುವುದು ಸಹಜ. ಆದರೆ ಬದುಕೇ ಬೇಡ ಅನ್ನಿಸುವ ಯೋಚನೆ ಸುತ್ತತೊಡಗಿದರೆ ಮೌನ ನಿಲ್ಲಿಸಿ, ಇನ್ನೊಬ್ಬರ ಜತೆ ಗಟ್ಟಿಯಾಗಿ ಪ್ರಾರ್ಥಿಸಿ, ಆ ವಿಷಯವನ್ನು ಅಂದೇ ಡಾಕ್ಟರಿಗೆ ಹೇಳಬೇಕು. ನೋವಿನ ಮಾತ್ರೆಯಿಂದ ಬರುವ ತೂಕಡಿಕೆ ಅಂಥ ದೊಡ್ಡ ವಿಷಯವಲ್ಲ. ನಿದ್ದೆ ಬಂದರೆ ನಿದ್ದೆ ಮಾಡಿ.

ನೋವು ಉಲ್ಬಣಿಸಿದ ದಿನ, ಅಥವಾ ಈ ಕಾಯಿಲೆಗೆ ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟ್ ಔಷಧ ತೆಗೆದುಕೊಂಡ ಮರುದಿನದ ವಾಕರಿಕೆ ಸುಸ್ತಿನಲ್ಲಿ, ಕುರ್ಚಿ ಬೇಡ, ಗಡಿಯಾರವೂ ಬೇಡ. ಮಲಗಿದಲ್ಲೇ 70ನೇ ಕೀರ್ತನೆಯ ಮೊದಲ ಸಾಲು, 'ದೇವರೇ, ಬೇಗ ಬಂದು ನನಗೆ ನೆರವಾಗಿ' ಎಂಬ ಅರ್ಥದ್ದು, ನೋವಿನ ಅಲೆಗೊಮ್ಮೆ. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಇದನ್ನು ಸದಾ ಹೇಳಿಕೊಳ್ಳುತ್ತಿದ್ದರೆಂದು ಅವರ ನಡುವೆ ಬಾಳಿದ್ದ ಸನ್ಯಾಸಿ ಜಾನ್ ಕ್ಯಾಸಿಯನ್ ದಾಖಲಿಸಿದ್ದಾರೆ. ಅದೇ ನಾಡಿನ ಸನ್ಯಾಸಿನಿ ಅಮ್ಮ ಸಿಂಕ್ಲೆಟಿಕಾ ಕಾಯಿಲೆಯವರಿಗೆ ಉಪವಾಸ, ನೆಲದ ಮೇಲೆ ಮಲಗುವುದು ಅಗತ್ಯವಿಲ್ಲ ಎಂದರು. ಕಾಯಿಲೆಯನ್ನು ತಾಳಿಕೊಂಡು ದೇವರಿಗೆ ಕೃತಜ್ಞತೆ ಹೇಳುವುದೇ ಅವರಿಗೆ ದೊಡ್ಡ ತಪಸ್ಸು.

ಆದರೂ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಬಂತೆಂದರೆ ಖಾಲಿ ಹೊಟ್ಟೆಯಲ್ಲಿ ಸ್ಟೀರಾಯ್ಡ್, ನೋವಿನ ಮಾತ್ರೆ ನುಂಗಿ ಹೊಟ್ಟೆ ಹುಣ್ಣಿಗೆ ದಾರಿ ಮಾಡಿಕೊಳ್ಳುವವರಿದ್ದಾರೆ. ಕಥೋಲಿಕ ಧರ್ಮಸಭೆ ರೋಗಿಗಳನ್ನು ಉಪವಾಸಕ್ಕೆ ಕಟ್ಟಿಹಾಕುವುದಿಲ್ಲ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಮುಂಚೆ ಒಂದು ಗಂಟೆ ಏನೂ ತಿನ್ನಬಾರದೆಂಬ ನಿಯಮವೂ ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅಡ್ಡಿಯಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 919ನೇ ಕಲಮು ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಾತ್ರೆ ಮತ್ತು ನೀರಿಗಂತೂ ಯಾರಿಗೂ ತಡೆಯಿಲ್ಲ. ಗುರುಗಳು ಪರಮಪ್ರಸಾದ ತಂದುಕೊಡುವ ದಿನವೂ ತಿಂಡಿ, ಮಾತ್ರೆಯ ಹೊತ್ತು ಬದಲಾಯಿಸಬೇಕಿಲ್ಲ.