ಹೊಸ ಬ್ಯಾಡ್ಜರ್ ಬ್ರಷ್ ಪಳಗಿಸೋದು ಹೇಗೆ?

ಬ್ಯಾಡ್ಜರ್ ಅನ್ನೋ ಬಿಲ ತೋಡೋ ಕಾಡುಪ್ರಾಣಿಯ ಕೂದಲಿನ ಶೇವಿಂಗ್ ಬ್ರಷ್‌ಗೆ ಅಷ್ಟು ದುಡ್ಡು ಕೊಟ್ಟು ತರಿಸ್ಕೊಂಡೋರು ಮೊದಲ ದಿನಾನೇ ಮುಖಕ್ಕೆ ಉಜ್ಜಿ, ಥೂ ಇದೇನಪ್ಪ ಒದ್ದೆ ನಾಯಿ ಥರ ನಾತ, ಮೇಲಿಂದ ಕೂದಲು ಬೇರೆ ಉದುರ್ತಿದೆ, ಮೋಸ ಹೋದ್ವಿ ಅಂತ ವಾಪಸ್ ಕಳ್ಸೋಕೆ ಹೊರಡ್ತಾರೆ. ಸ್ವಲ್ಪ ತಡ್ಕೊಳ್ಳಿ. ಪ್ರಾಣಿ ಕೂದಲು ಅಂದ್ಮೇಲೆ ಹೊಸದ್ರಲ್ಲಿ ವಾಸನೆ ಇರೋದೇ. ಹಂದಿ ಕೂದಲಿನ ಬ್ರಷ್ ಆದ್ರೆ ತುದಿ ಸೀಳಿ ಮೆತ್ತಗಾಗೋಕೆ ವಾರಗಟ್ಟಲೆ ಬೇಕು, ಬ್ಯಾಡ್ಜರ್‌ಗೆ ಆ ರಗಳೆ ಇಲ್ಲ, ವಾಸನೆ ಹೋಗಿ ಸಡಿಲ ಇರೋ ನಾಲ್ಕು ಕೂದಲು ಉದುರಿ ಗೊಂಚಲು ಅರಳಿದ್ರೆ ಕೆಲ್ಸ ಮುಗೀತು.

ಮೊದ್ಲು ಒಂದು ಲೋಟದಲ್ಲಿ ಉಗುರುಬೆಚ್ಚಗಿನ ನೀರು ತಗೊಂಡು ಬ್ರಷ್‌ನ ಕೂದಲು ಮಾತ್ರ ಮುಳುಗೋ ಹಾಗೆ ಐದು ನಿಮಿಷ ಇಡಿ, ಹಿಡಿ ಒದ್ದೆ ಆಗೋದು ಬೇಡ. ಗೀಸರ್‌ನಿಂದ ಹೊಗೆಯಾಡ್ತಾ ಬರೋ ನೀರಂತೂ ಬೇಡವೇ ಬೇಡ, ಬುಡದಲ್ಲಿ ಕೂದಲನ್ನ ಹಿಡ್ಕೊಂಡಿರೋದು ಅಂಟು, ಕುದಿ ನೀರಿಗೆ ಅದು ಸಡಿಲ ಆಗುತ್ತೆ, ಕೂದಲೂ ಒರಟಾಗುತ್ತೆ.

ಆಮೇಲೆ ನಾಲ್ಕು ಹನಿ ಶಾಂಪೂ ಅಂಗೈಗೆ ಹಾಕ್ಕೊಂಡು ಬ್ರಷ್‌ನ ಮೆಲ್ಲಗೆ ಸುತ್ತು ತಿರುಗಿಸಿ. ಒತ್ತಿ ತಿಕ್ಕೋದು ಬೇಡ, ಒತ್ತಿದ್ರೆ ನಡುವೆ ಕೂದಲು ಮುರಿದು ಗುಂಡಿ ಬೀಳುತ್ತೆ, ಅದು ಮತ್ತೆ ಸರಿಹೋಗಲ್ಲ. ನೀರಲ್ಲಿ ಚೆನ್ನಾಗಿ ತೊಳೆದು ಇನ್ನೊಂದ್ಸಲ ಹೀಗೇ ಮಾಡಿ. ಕಂಡೀಷನರ್ ಹಾಕಿದ್ರೆ ಇನ್ನೂ ಮೆತ್ತಗಾಗುತ್ತಲ್ವಾ ಅಂತ ಕೇಳ್ತಾರೆ, ಆಗುತ್ತೆ, ಆದ್ರೆ ಜೋಲು ಬಿದ್ದು ನೊರೆ ಎಬ್ಬಿಸೋಕೆ ಬೇಕಾದ ಬಿಗಿನೇ ಹೋಗುತ್ತೆ.

ಇನ್ನು ರಾತ್ರಿ ಕೆಲ್ಸ. ಶೇವಿಂಗ್ ಸೋಪು ಗಟ್ಟಿ ಬಿಲ್ಲೆ ಆದ್ರೆ ಒಳ್ಳೇದು, ಟ್ಯೂಬ್ ಕ್ರೀಮ್ ಆದ್ರೂ ನಡೆಯುತ್ತೆ. ಅಂಗೈ ಮೇಲೇ ದಟ್ಟವಾಗಿ ನೊರೆ ಎಬ್ಬಿಸಿ, ಬುಡದವರೆಗೂ ನೊರೆ ಹೋಗ್ಲಿ, ತೊಳೀದೆ ಹಾಗೇ ರಾತ್ರಿಯಿಡೀ ನಿಲ್ಲಿಸಿ. ಬೆಳಗ್ಗೆ ತೊಳೆದು ಮೂಸಿ ನೋಡಿ, ಅರ್ಧ ವಾಸನೆ ಸೋಪೇ ತಿಂದ್ಹಾಕಿರುತ್ತೆ, ಉಳಿದಿದ್ದು ದಿನಾ ಬಳಸ್ತಾ ಬಳಸ್ತಾ ಹೋಗುತ್ತೆ. ಅವಸರ ಇದ್ರೆ ಇನ್ನೊಂದು ರಾತ್ರಿ ಇದನ್ನೇ ಮಾಡಿ, ಅಷ್ಟರಲ್ಲಿ ಡಬ್ಬಿಯಿಂದ ತೆಗೆದಾಗ ಮುಷ್ಟಿ ಬಿಗಿದ ಹಾಗಿದ್ದ ಗೊಂಚಲು ಅಗಲವಾಗಿ ಬಿಚ್ಕೊಂಡಿರೋದೂ ಕಾಣುತ್ತೆ.

ಪ್ರತಿ ಸಲ ಶೇವ್ ಆದ್ಮೇಲೆ ಬುಡದಲ್ಲಿ ಉಳಿದ ಸೋಪು ಪೂರ್ತಿ ಹೋಗೋವರೆಗೂ ತೊಳೀರಿ, ಹಿಂಡಬೇಡಿ, ಕೊಡವಿ ಟವಲ್ ಮೇಲೆ ಮೆಲ್ಲಗೆ ಒರೆಸಿ ಗಾಳಿಯಾಡೋ ಕಡೆ ಇಡಿ. ತಲೆಕೆಳಗಾಗಿ ನೇತುಹಾಕಬೇಕು, ಇಲ್ಲ ನೆಟ್ಟಗೆ ನಿಲ್ಲಿಸಬೇಕು ಅಂತ ಜಗಳ ಆಡೋರಿದ್ದಾರೆ, ನನ್ನ ಪ್ರಕಾರ ಎರಡರಲ್ಲೂ ವ್ಯತ್ಯಾಸ ಇಲ್ಲ, ಒಣಗಬೇಕು ಅಷ್ಟೇ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಾತ್‌ರೂಮಲ್ಲಿ ಬಿಟ್ರೆ ಬೂಸ್ಟು ಹಿಡಿಯುತ್ತೆ, ಆಚೆ ಕಿಟಕಿ ಹತ್ರ ಇಡಿ. ಒದ್ದೆ ಇದ್ದಾಗ ಡಬ್ಬಿಗೆ ಹಾಕೋದಂತೂ ಬೇಡ.

ಬೋರ್‌ವೆಲ್ ನೀರಿನ ಮನೆಯಾದ್ರೆ ಇನ್ನೊಂದು ತೊಂದ್ರೆ. ಗಡಸು ನೀರಲ್ಲಿ ಸೋಪು ನೊರೆ ಬರಲ್ಲ, ಬದ್ಲಿಗೆ ಬಿಳಿ ಗಸಿ ಆಗಿ ಕೂದಲಿಗೆ ಅಂಟ್ಕೊಳ್ಳುತ್ತೆ. ಆರ್‌ಒ ಫಿಲ್ಟರ್ ನೀರು ಒಂದು ಬಟ್ಟಲು ತಗೊಂಡು ನೊರೆ ಮಾಡಿ, ಗಸಿ ಹಿಡಿದಿದ್ರೆ ಯಾವಾಗ್ಲಾದ್ರೂ ಒಂದ್ಸಲ ಬಿಳಿ ವಿನೆಗರ್‌ಗೆ ತುಂಬಾ ನೀರು ಬೆರೆಸಿ ಕೆಲವು ನಿಮಿಷ ಅದ್ದಿಟ್ಟು ತೊಳೀರಿ.

ಅಜ್ಜನ ಕಾಲದ, ಇಲ್ಲ ಹಳೇ ಸಾಮಾನಿನ ಅಂಗಡಿ ಬ್ರಷ್ ಸಿಕ್ಕಿದ್ರೆ ಮಾತ್ರ ಅದನ್ನ ಪಳಗಿಸೋಕೆ ಹೋಗ್ಬೇಡಿ. ಮೊದಲ ಮಹಾಯುದ್ಧದ ಹೊತ್ತಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲನ್ನ ಬ್ಯಾಡ್ಜರ್ ಥರ ಕಾಣೋ ಹಾಗೆ ಮಾಡಿ ಮಾರಿದ ಬ್ರಷ್‌ಗಳಿಂದ ಬ್ರಿಟನ್, ಅಮೆರಿಕದಲ್ಲಿ ಸೈನಿಕರಿಗೂ ಜನರಿಗೂ ಆಂಥ್ರಾಕ್ಸ್ ಅನ್ನೋ ಪ್ರಾಣ ತೆಗೆಯೋ ಸೋಂಕು ತಗುಲಿತ್ತು. ಅಂಥ ಹಳೇದು ಶೋಕೇಸಲ್ಲೇ ಇರ್ಲಿ.

ಉದುರೋದರ ಲೆಕ್ಕ ಇಷ್ಟು: ಮೊದಮೊದಲು ಒಂದು ಶೇವ್‌ಗೆ ಎರಡು ಮೂರು ಕೂದಲು ಬಿದ್ರೆ ಮಾಮೂಲು. ತಿಂಗಳಾದ್ರೂ ಗೊಂಚಲು ಗೊಂಚಲಾಗಿ ಬರ್ತಿದ್ರೆ ಅಂಟೇ ಸರಿಯಿಲ್ಲ ಅಂತ, ಬಿಲ್ ಹುಡುಕಿ ಅಂಗಡಿಯವರನ್ನ ಕೇಳಿ.